ಉಳಿದ ಸದ್ದಿನ ಸಾಕ್ಷ್ಯ

ಅಮೆರಿಕದ ಷಿಕಾಗೋದ ಜಾಝ್ ಸ್ಯಾಕ್ಸೊಫೋನ್ ವಾದಕ ವಾನ್ ಫ್ರೀಮನ್ (1923-2012) ಅವರ ಹೆಸರಿನ ಮೊದಲ ರೆಕಾರ್ಡ್ ಬಂದದ್ದು 1972ರಲ್ಲಿ, ಅವರು ಐವತ್ತರ ಹೊಸ್ತಿಲಲ್ಲಿದ್ದಾಗ. ಅದಕ್ಕೂ ಹಿಂದಿನ ದಶಕಗಳ ವಾದನದಲ್ಲಿ ಬಹುಪಾಲು, ಕೇಳಿದವರೊಂದಿಗೇ ಮಣ್ಣು ಸೇರಿತು.

ಇಂಥವರನ್ನು ಧ್ವನಿಮುದ್ರಿಸುವವನ ಕರ್ತವ್ಯವೇನು? ಫ್ರೀಮನ್ ವರ್ಷಗಟ್ಟಲೆ ಮಂಗಳವಾರದ ರಾತ್ರಿಗಳಲ್ಲಿ ಒಂದು ಪುಟ್ಟ ಬಾರಿನಲ್ಲಿ ಸಣ್ಣ ತಂಡ ಕಟ್ಟಿಕೊಂಡು ನುಡಿಸಿದರು. ಎಳೆಯ ವಾದಕರನ್ನೂ ವೇದಿಕೆಗೆ ಕರೆದರು. ಅವರ ಸ್ವರ ಶ್ರುತಿಯಿಂದ ತುಸು ಸರಿಯುತ್ತಿತ್ತು. ಕೆಲವರಿಗೆ ಅದು ದೋಷ, ನಮಗೆ ಅದೇ ಅವರ ದನಿ. ಸ್ಟುಡಿಯೋದಲ್ಲಿ ‘ಇನ್ನೊಮ್ಮೆ’ ಎನ್ನಬಹುದು. ಬಾರಿನಲ್ಲಿ ಡ್ರಮ್ ಗತಿ ಬದಲಿಸಿದರೆ ಆ ಕ್ಷಣವೇ ಉತ್ತರ ಕೊಡಬೇಕು.

ತಪ್ಪಿದ ಸ್ವರವನ್ನು, ಗ್ಲಾಸಿನ ಸದ್ದನ್ನು ಅಳಿಸುವ ಆಸೆ ಸಹಜ. ನೂರಾರು ರೆಕಾರ್ಡುಗಳಿರುವವನಿಗೆ ಅದರಿಂದ ನಷ್ಟವಿಲ್ಲ. ಕೆಲವೇ ರಾತ್ರಿಗಳು ಉಳಿದವನ ವಿಷಯದಲ್ಲಿ ಅದು ಸಾಕ್ಷ್ಯವನ್ನೇ ತಿದ್ದಿದಂತೆ. ಮುಶಾಯಿರಾದ ಕ್ಯಾಸೆಟ್ಟಿನಿಂದ ‘ವಾಹ್ ವಾಹ್’ ಕತ್ತರಿಸಿದರೆ, ಕವಿ ಅದೇ ಸಾಲನ್ನು ಮತ್ತೆ ಯಾಕೆ ಓದಿದನೆಂದು ಯಾರಿಗೆ ತಿಳಿದೀತು?

ವಾದಕನೇ ‘ಆ ಭಾಗ ಬೇಡ’ ಎಂದರೆ? ತೆಗೆಯಲೇಬೇಕು, ನುಡಿಸಿದ್ದು ಅವನು. ಆದರೆ ಆ ಹೊತ್ತಿನಲ್ಲಿ ಅವನ ಜೊತೆ ನುಡಿಸುತ್ತಿದ್ದ ಡ್ರಮ್ಮರನನ್ನೂ ಒಂದು ಮಾತು ಕೇಳಬೇಕಲ್ಲವೇ?