ಸಿಟ್ಟಿನಲ್ಲಿ ದಾಟಿಸಿದ ಮಾತು ನಿಜವಾಗಿಬಿಟ್ಟರೆ?



ಇಂದಿನ ಚಿಂತನೆ ನಾಲ್ಕನೇ ಶೀಲದ ಬಗ್ಗೆ. ಸುಳ್ಳು ಹೇಳುವುದರಿಂದ ದೂರ ಇರುತ್ತೇನೆ ಎಂದು ನಾವು ಪ್ರತಿ ವಂದನೆಯಲ್ಲೂ ಹೇಳುತ್ತೇವೆ. ನನ್ನ ಪ್ರಶ್ನೆ ಇಷ್ಟೇ: ಪರೀಕ್ಷೆ ಮಾಡದೆ, ಸಿಟ್ಟಿನಲ್ಲಿ ಹತ್ತು ಜನಕ್ಕೆ ದಾಟಿಸಿದ ಒಂದು ಮಾತು ಮುಂದೆ ನಿಜವೆಂದು ತಿಳಿದುಬಂದರೆ, ನಾವು ಶೀಲ ಪಾಲಿಸಿದಂತಾಯಿತೇ?

ಇದು ನನ್ನದೇ ತಪ್ಪಿನಿಂದ ಹುಟ್ಟಿದ ಪ್ರಶ್ನೆ. 2020ರ ಜೂನ್ 15ರಂದು ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ತೀರಿಕೊಂಡರು. ಅದಾದ ಮೇಲೆ ಬಂದ ಫಾರ್ವರ್ಡ್‌ಗಳು ನಿಮಗೂ ನೆನಪಿರಬಹುದು. ಯುಸಿ ಬ್ರೌಸರ್ ಚೀನಾದ ಗೂಢಚಾರ, ಬ್ಯಾಂಕಿನ ಪಾಸ್‌ವರ್ಡ್ ಕದಿಯುತ್ತದೆ, ಇನ್ನೂ ಇಟ್ಟುಕೊಂಡವರು ದೇಶದ್ರೋಹಿಗಳು ಎಂದು ಒಂದು ಸಂದೇಶ ಬಂತು. ನಾನು ಅದನ್ನು ಒಂದು ಅಕ್ಷರವೂ ಬಿಡದೆ ನಾಲ್ಕು ಗ್ರೂಪಿಗೆ ಹಾಕಿದೆ.

ಲಾಕ್‌ಡೌನ್ ದಿನಗಳು. ನಮ್ಮ ಕೇರಿಯ ಒಬ್ಬ ಹುಡುಗಿ ಅಣ್ಣನ ಹಳೇ ಫೋನಿನಲ್ಲಿ ಡಿಗ್ರಿ ಪಾಠ ಓದುತ್ತಿದ್ದಳು. ನೆಟ್ ಪ್ಯಾಕ್ ಬೇಗ ಖಾಲಿಯಾಗಬಾರದೆಂದು ಅದೇ ಬ್ರೌಸರ್ ಇಟ್ಟುಕೊಂಡಿದ್ದಳು. ನನ್ನ ಸಂದೇಶ ನೋಡಿ ಮನೆ ಹತ್ತಿರ ಬಂದಳು.

"ಅದು ಏನು ಕದೀತದೆ ಮಾವ?"

ನನಗೆ ಗೊತ್ತಿರಲಿಲ್ಲ. "ಇಷ್ಟು ಜನ ಹೇಳ್ತಾವ್ರಲ್ಲಮ್ಮ" ಅಂದೆ.

ಅವಳು ಅವತ್ತೇ ಅದನ್ನು ತೆಗೆದುಹಾಕಿದಳು. ಸೇವ್ ಮಾಡಿಟ್ಟಿದ್ದ ಪಾಠದ ಪುಟಗಳೂ ಹೋದವು. ಆಮೇಲೆ ಸ್ವಲ್ಪ ದಿನ ನಮ್ಮ ಗ್ರೂಪಿನಲ್ಲಿ ಅವಳ ಮಾತೇ ಇರಲಿಲ್ಲ. ದೇಶದ್ರೋಹಿ ಎಂಬ ಮಾತು ಅವಳಿಗೆ ತಗುಲಿತ್ತು.

ನಾನು ಹೇಳಿದ ಕಾರಣವನ್ನು ಯೋಚಿಸಿ ನೋಡಿ. ಶಿವಗಂಗೆ ಬೆಟ್ಟದ ಒಳಕಲ್ಲು ತೀರ್ಥದಲ್ಲಿ ಕೈಗೆ ನೀರು ಸಿಕ್ಕರೆ ಪುಣ್ಯವಂತ, ಸಿಗದಿದ್ದರೆ ಪಾಪಿ ಅನ್ನುತ್ತಾರೆ. ನೀರಿನ ಮಟ್ಟಕ್ಕೂ ತೋಳಿನ ಉದ್ದಕ್ಕೂ ಪಾಪಪುಣ್ಯಕ್ಕೂ ಏನು ಸಂಬಂಧ ಎಂದು ನಾವು ಕೇಳುತ್ತೇವೆ. ಆಗ ಬರುವ ಉತ್ತರವೂ "ಇಷ್ಟು ಜನ ಹೇಳ್ತಾರಲ್ಲ" ಎಂಬುದೇ. ಕೇಸಪುತ್ತದ ಕಾಲಾಮರಿಗೆ ಭಗವಾನರು ಬೇಡವೆಂದದ್ದು ಇದನ್ನೇ. ಬೆಟ್ಟದ ಮೇಲೆ ನಾನು ವಿಚಾರವಾದಿ. ಫೋನ್ ಕೈಗೆ ಬಂದಾಗ ಭಕ್ತನಾಗಿಬಿಟ್ಟೆ.

ತಡವಾಗಿಯಾದರೂ ಕುಳಿತು ವಿಷಯ ತಿಳಿದುಕೊಂಡೆ. ನನಗೆ ಗೊತ್ತಾದದ್ದು ಇದು.

ಯುಸಿ ಬ್ರೌಸರ್ ಚೀನಾದ ಯುಸಿವೆಬ್ ಕಂಪನಿಯದು. 2014ರಲ್ಲಿ ಅಲಿಬಾಬಾ ಅದನ್ನು ಕೊಂಡಿತು. ಅದು ಡೇಟಾ ಉಳಿಸುತ್ತಿದ್ದದ್ದು ಹೇಗೆ? ನಾವು ಕೇಳಿದ ಪುಟವನ್ನು ಮೊದಲು ತನ್ನ ಸರ್ವರ್‌ಗೆ ತರಿಸಿಕೊಂಡು, ಕುಗ್ಗಿಸಿ, ಆಮೇಲೆ ನಮ್ಮ ಫೋನಿಗೆ ಕಳಿಸುತ್ತಿತ್ತು. ನಮ್ಮ ಅಜ್ಜಿಯರ ಕಾಲದಲ್ಲಿ ಬಂದ ಕಾಗದವನ್ನು ಓದು ಬಲ್ಲ ಇನ್ನೊಬ್ಬರ ಮನೆಗೆ ಹೋಗಿ ಓದಿಸಿಕೊಂಡು ಬರುತ್ತಿದ್ದರು. ಓದಿ ಹೇಳಿದವನಿಗೆ ಮನೆಯ ಗುಟ್ಟೆಲ್ಲ ಗೊತ್ತು. ಇದೂ ಹಾಗೇ. ಅನುಕೂಲವೂ ನಿಜ, ಅಪಾಯವೂ ನಿಜ.

2015ರ ಮೇ ತಿಂಗಳಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಇದನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಚೀನೀ ಭಾಷೆಯ ಆವೃತ್ತಿಯಲ್ಲಿ ಬಳಸುವವರು ಇರುವ ಜಾಗ, ಫೋನಿನ ಗುರುತು ಸಂಖ್ಯೆಗಳು ಸರಿಯಾದ ರಕ್ಷಣೆ ಇಲ್ಲದೆ ಹೊರಗೆ ಹೋಗುತ್ತಿದ್ದವು. ಇಂಗ್ಲಿಷ್ ಆವೃತ್ತಿಯಲ್ಲಿ ದೋಷ ಕಡಿಮೆ ಇತ್ತು. ಆದರೆ ನಾವು ಏನು ಹುಡುಕಿದೆವು ಎಂಬುದು ಅಲ್ಲೂ ಬಯಲಾಗಿ ಹೋಗುತ್ತಿತ್ತು. ಅದೇ ತಿಂಗಳು ಸ್ನೋಡೆನ್ ದಾಖಲೆಗಳಿಂದ ಇನ್ನೊಂದು ವಿಷಯ ಹೊರಬಂತು. ಈ ಸೋರಿಕೆಯನ್ನು ಕಂಡುಹಿಡಿದು ಬೇಹುಗಾರಿಕೆಗೆ ಬಳಸಿಕೊಂಡವರು ಕೆನಡಾ ಮತ್ತು ಅದರ ಜೊತೆಗಾರ ದೇಶಗಳಾದ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಗೂಢಚಾರರು! ನನಗೆ ಬಂದ ಫಾರ್ವರ್ಡ್‌ನಲ್ಲಿ ಇದರ ಸುಳಿವೇ ಇರಲಿಲ್ಲ.

2017ರ ನವೆಂಬರ್‌ನಲ್ಲಿ ಆ ಬ್ರೌಸರ್ ಪ್ಲೇ ಸ್ಟೋರ್‌ನಿಂದ ಮಾಯವಾಯಿತು. ಕಳ್ಳತನಕ್ಕೆ ಹೊರಗೆ ಹಾಕಿದರು ಎಂದು ಸುದ್ದಿ ಹಬ್ಬಿತು. ಒಂದು ಸೆಟ್ಟಿಂಗ್ ಗೂಗಲ್ ನಿಯಮಕ್ಕೆ ಹೊಂದಿರಲಿಲ್ಲ ಎಂದು ಕಂಪನಿ ಹೇಳಿತು. ಸುಮಾರು ಒಂದು ವಾರದಲ್ಲಿ ಅದು ವಾಪಸ್ ಬಂತು.

2020ರ ಜೂನ್ 29ರಂದು ಕೇಂದ್ರ ಸರ್ಕಾರ ಐಟಿ ಕಾಯ್ದೆಯ 69ಎ ಕಲಂ ಅಡಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಯುಸಿ ಬ್ರೌಸರ್ ಅದರಲ್ಲಿತ್ತು. ದೇಶದ ಭದ್ರತೆ, ಮಾಹಿತಿ ಹೊರದೇಶಕ್ಕೆ ಹೋಗುತ್ತಿದೆ ಎಂಬ ದೂರುಗಳು ಕಾರಣ ಎಂದು ಪ್ರಕಟಣೆ ಹೇಳಿತು. ಯಾವ ಆ್ಯಪ್ ಏನು ಮಾಡಿತು ಎಂಬ ಒಂದೊಂದರ ಸಾಕ್ಷ್ಯ ಆ ಪ್ರಕಟಣೆಯಲ್ಲಿ ಇರಲಿಲ್ಲ.

ಆಮೇಲೆ 2021ರ ಜೂನ್‌ನಲ್ಲಿ ಒಬ್ಬ ಭದ್ರತಾ ತಜ್ಞರು ಸಾಕ್ಷ್ಯ ಸಮೇತ ತೋರಿಸಿದರು: ಗುಟ್ಟಾಗಿ ನೋಡುವ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದ ಪುಟಗಳ ವಿವರವೂ ಕಂಪನಿಯ ಸರ್ವರ್‌ಗೆ ಹೋಗುತ್ತಿತ್ತು.

ಇದನ್ನು ಓದಿದಾಗ ನನ್ನ ಮನಸ್ಸು ಏನೆಂದಿತು ಗೊತ್ತೇ? "ನೋಡಿದೆಯಾ, ನಾನು ಹೇಳಿದ್ದೇ ಸರಿ!" ಆ ಖುಷಿಯ ಬಗ್ಗೆಯೇ ಎಚ್ಚರ ಇರಬೇಕು. ಕಣ್ಣು ಮುಚ್ಚಿ ಬೀಸಿದ ಕಲ್ಲಿಗೆ ಮಾವಿನಕಾಯಿ ಉದುರಿದರೆ ಬೀಸಿದವನು ಗುರಿಕಾರನಾಗುವುದಿಲ್ಲ. ಅದೇ ಕಲ್ಲು ದಾರಿಯಲ್ಲಿ ಹೋಗುತ್ತಿದ್ದ ಮಗುವಿಗೂ ತಗುಲಬಹುದಿತ್ತು. ನನ್ನ ಕಲ್ಲು ಒಂದು ಮಗುವಿಗೆ ತಗುಲಿಯೂ ಇತ್ತು. ಕಂಪನಿ ತಪ್ಪು ಮಾಡಿದ್ದು ನಿಜ. ಆದರೆ ಪಾಸ್‌ವರ್ಡ್ ಕಳ್ಳತನ ಎಂದು ನಾನು ಹೇಳಿದ್ದಕ್ಕೆ ನನ್ನ ಹತ್ತಿರ ಆಧಾರ ಇರಲಿಲ್ಲ. ಬಳಸಿದವರು ದೇಶದ್ರೋಹಿಗಳು ಎಂಬುದಂತೂ ಶುದ್ಧ ಸುಳ್ಳು. ಅವರು ಮೋಸ ಹೋದವರು.

ದೀಘ ನಿಕಾಯದ ಮೊದಲನೇ ಸುತ್ತವಾದ ಬ್ರಹ್ಮಜಾಲದಲ್ಲಿ ಒಂದು ಪ್ರಸಂಗ ಬರುತ್ತದೆ. ರಾಜಗೃಹದಿಂದ ನಾಲಂದಾಗೆ ಹೋಗುವ ದಾರಿಯಲ್ಲಿ ಸುಪ್ಪಿಯ ಎಂಬ ಪರಿವ್ರಾಜಕ ಬುದ್ಧ, ಧಮ್ಮ, ಸಂಘ ಮೂರನ್ನೂ ನಿಂದಿಸುತ್ತಾ ಬರುತ್ತಾನೆ. ಅವನ ಶಿಷ್ಯನೇ ಹೊಗಳುತ್ತಾ ಬರುತ್ತಾನೆ. ಭಿಕ್ಖುಗಳಿಗೆ ಭಗವಾನರು ತಿಳಿಹೇಳಿದ್ದರ ಸಾರ ಇದು: ನನ್ನನ್ನು ಬೈದರೆಂದು ನೀವು ಸಿಟ್ಟಾದರೆ, ಅವರು ಹೇಳಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನಿಮಗೇ ಕಾಣುವುದಿಲ್ಲ. ಆದ್ದರಿಂದ ಸುಳ್ಳನ್ನು ಸುಳ್ಳೆಂದು, ಕಾರಣ ಕೊಟ್ಟು, ಬಿಡಿಸಿ ಹೇಳಿ. ಹೊಗಳಿದಾಗಲೂ ಹಿಗ್ಗಬೇಡಿ. ನಿಜ ಇದ್ದಷ್ಟನ್ನು ಒಪ್ಪಿಕೊಳ್ಳಿ.

ಸಿಟ್ಟು ಕೆಟ್ಟ ಗುಣ ಎಂಬ ಉಪದೇಶ ಮಾತ್ರ ಇದಲ್ಲ. ಸಿಟ್ಟಿನಲ್ಲಿ ಕಣ್ಣು ಕಾಣುವುದಿಲ್ಲ ಎಂಬ ಎಚ್ಚರಿಕೆ. ಕಣ್ಣು ಕಾಣದವನು ನಿಜ ನುಡಿದರೂ ಅದು ಅವನ ಸತ್ಯವಲ್ಲ, ಅದೃಷ್ಟ. ಶೀಲವನ್ನು ಅದೃಷ್ಟದ ಕೈಗೆ ಬಿಡಲು ಆಗುವುದಿಲ್ಲ.

ಇಲ್ಲಿ ನಮ್ಮ ಯುವಕರು ಒಂದು ಮಾತು ಕೇಳಬಹುದು. "ತುಳಿಸಿಕೊಂಡವರಿಗೆ ಇರುವುದೇ ಸಿಟ್ಟು. ಅದನ್ನೂ ತೂಕ ಮಾಡಿ ತೋರಿಸಬೇಕಾ?" ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಮಹಾಡ್‌ಗೆ ಹೋಗೋಣ. 1927ರ ಮಾರ್ಚ್ 20ರಂದು ಬಾಬಾಸಾಹೇಬರೊಂದಿಗೆ ನಮ್ಮವರು ಚವದಾರ್ ಕೆರೆಯ ನೀರು ಮುಟ್ಟಿದರು. ಆಮೇಲೆ ಊರಿನಲ್ಲಿ ಒಂದು ಸುದ್ದಿ ಹಬ್ಬಿತು: ಇವರು ಈಗ ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ. ಸುಳ್ಳು ಸುದ್ದಿ. ಯಾರೂ ಬಂದು ಹೌದಾ ಎಂದು ಕೇಳಲಿಲ್ಲ. ಗುಂಪು ಬಂತು, ನಮ್ಮವರಿಗೆ ಹೊಡೆತ ಬಿತ್ತು. ಅಂದಿನ ಫಾರ್ವರ್ಡ್ ಬಾಯಿಂದ ಬಾಯಿಗೆ ಹೋಯಿತು, ಅಷ್ಟೇ ವ್ಯತ್ಯಾಸ.

ಬಾಬಾಸಾಹೇಬರಿಗೆ ಸಿಟ್ಟು ಬರಲಿಲ್ಲವೇ? ಬಂದೇ ಬಂದಿರುತ್ತದೆ. ಆದರೂ ತಿರುಗಿ ಹೊಡೆಯಬೇಡಿ ಎಂದು ನಮ್ಮವರನ್ನು ತಡೆದರು. ಕೆರೆ ತಮ್ಮದು, ಹಿಂದಿನಿಂದಲೂ ನಡೆದುಬಂದ ಪದ್ಧತಿ ಇದು ಎಂದು ಮೇಲ್ಜಾತಿಯವರು ಕೋರ್ಟಿಗೆ ಹೋದಾಗ ದಾಖಲೆ ಹಿಡಿದು ಎದುರಿಸಿದರು. 1937ರ ಮಾರ್ಚ್ 17ರಂದು ಬೊಂಬಾಯಿ ಹೈಕೋರ್ಟ್ ನಮ್ಮ ಪರವಾಗಿ ತೀರ್ಪು ಕೊಟ್ಟಿತು. ಸುಮಾರು ಹತ್ತು ವರ್ಷ ಅವರ ಸಿಟ್ಟು ಆರಲಿಲ್ಲ. ಅದಕ್ಕೆ ಆಧಾರ ಇತ್ತು, ಅದಕ್ಕೇ ಅಷ್ಟು ದಿನ ಉಳಿಯಿತು. ನನ್ನ ಫಾರ್ವರ್ಡ್‌ನ ಸಿಟ್ಟು ಎರಡು ದಿನವೂ ಉಳಿಯಲಿಲ್ಲ.

ಜಾತಿಯೂ ಇಂಥದ್ದೇ ಅಲ್ಲವೇ? ಹಿರಿಯರು ಹೇಳಿದರು, ಎಲ್ಲರೂ ಹೇಳುತ್ತಾರೆ ಎಂದು ಯಾರೂ ಪರೀಕ್ಷೆ ಮಾಡದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಸುಳ್ಳು. ಅದರ ಹೊಡೆತ ತಿಂದ ನಾವೇ ಇನ್ನೊಬ್ಬರ ಮೇಲೆ ಪರೀಕ್ಷಿಸದ ಮಾತನ್ನು ದಾಟಿಸಬಾರದು.

ಆ ಹುಡುಗಿಗೆ ನಾನು ತಪ್ಪಾಯಿತಮ್ಮ ಎಂದು ಹೇಳಿದೆ. ಬ್ರೌಸರ್‌ನಲ್ಲಿ ನಿಜವಾಗಿ ಏನು ದೋಷ ಇತ್ತು ಎಂದೂ ವಿವರಿಸಿದೆ. ಅವಳು ಕೇಳಿಸಿಕೊಂಡು, "ಇದನ್ನ ಅವತ್ತೇ ಹೇಳಿದ್ರೆ ನಾನೇ ತೆಗೀತಿದ್ದೆ ಮಾವ, ಅಳ್ತಿರ್ಲಿಲ್ಲ" ಅಂದಳು.

ಇಂದಿನ ಅಭ್ಯಾಸ: ಸಿಟ್ಟು ಬರಿಸುವ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ನಿಖರವಾಗಿ ಏನು ನಡೆಯಿತು? ಅದನ್ನು ಪರೀಕ್ಷಿಸಿ ನೋಡಿದವರು ಯಾರು? ತಪ್ಪು ಮಾಡಿದವರನ್ನು ಬಿಟ್ಟು ಇನ್ಯಾರಿಗೆ ಈ ಮಾತು ತಗುಲುತ್ತದೆ? ಉತ್ತರ ಸಿಗುವವರೆಗೆ ಸಂದೇಶ ನಮ್ಮ ಫೋನಿನಲ್ಲೇ ಇರಲಿ. ಈ ಬರಹಕ್ಕೂ ಇದೇ ನಿಯಮ. ಪರಿಶೀಲಿಸಿ, ಸರಿ ಅನ್ನಿಸಿದರೆ ಮಾತ್ರ ಮುಂದೆ ಕಳಿಸಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.