ಮಗಳ ನೋವಿಗೆ ಕಿವಿಗೊಡೋಣ



ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ 12 ವರ್ಷಗಳಿಂದ ರಕ್ತಸ್ರಾವದಿಂದ ಬಳಲುವ ಹೆಂಗಸೊಬ್ಬಳು ಬರುತ್ತಾಳೆ. ವೈದ್ಯರಿಂದ ವೈದ್ಯರಿಗೆ ಅಲೆದು ಕೈಯಲ್ಲಿದ್ದ ಹಣವೆಲ್ಲ ಕರಗಿದೆ. ಕಾಯಿಲೆ ಮಾತ್ರ ಹೆಚ್ಚಿದೆ. ಜನಜಂಗುಳಿಯ ಮರೆಯಲ್ಲಿ ಬಂದು ಪ್ರಭುವಿನ ಉಡುಪನ್ನು ಮುಟ್ಟುತ್ತಾಳೆ.

ಇಂಥ ನೋವು ನಮ್ಮ ಮನೆಗಳಲ್ಲೂ ಇದೆ. ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಮುಟ್ಟಿನ ದಿನಗಳಲ್ಲಿ ಎದ್ದು ನಿಲ್ಲಲಾಗದಂಥ ನೋವು, ವಿಪರೀತ ಆಯಾಸ. ಕೆಲವರಿಗೆ ಮಕ್ಕಳಾಗುವುದೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ ಈ ಕಾಯಿಲೆಯಿದೆ. ಆದರೂ ಅದನ್ನು ಗುರುತಿಸಲು ಎಷ್ಟೋ ಸಲ ವರ್ಷಗಳೇ ಹಿಡಿಯುತ್ತವೆ.

“ಎಲ್ಲರಿಗೂ ಇರುವುದೇ, ಸಹಿಸಿಕೊ” ಎನ್ನುತ್ತೇವೆ. “ಮದುವೆಯಾದರೆ ಸರಿಹೋಗುತ್ತದೆ” ಎನ್ನುತ್ತೇವೆ. ತಿಂಗಳು ತಿಂಗಳೂ ಇದನ್ನೇ ಕೇಳಿದವಳು ಕೊನೆಗೆ ತನ್ನ ನೋವನ್ನು ತಾನೇ ನಂಬದಾಗುತ್ತಾಳೆ. ಆತಂಕ, ಖಿನ್ನತೆ ಆವರಿಸುತ್ತವೆ. ಇದು ದೇವರ ಶಿಕ್ಷೆಯೇ ಎಂದು ಕೊರಗುತ್ತಾಳೆ. ಖಂಡಿತ ಅಲ್ಲ. ಹುಟ್ಟುಕುರುಡನನ್ನು ಕಂಡು ಪಾಪ ಯಾರದೆಂದು ಕೇಳಿದ ಶಿಷ್ಯರ ಎಣಿಕೆಯನ್ನು ಯೇಸುಸ್ವಾಮಿಯೇ ತಳ್ಳಿಹಾಕಿದರು.

“ನಿನ್ನ ಶಿಲುಬೆ, ಹೊತ್ತುಕೋ” ಎನ್ನುವವರೂ ಉಂಟು. ನೋವನ್ನು ಪ್ರಭುವಿಗೆ ಒಪ್ಪಿಸಬಹುದು, ನಿಜ. ಆದರೆ ಪ್ರಭುವಿನ ಶಿಲುಬೆಗೂ ಸಿರೇನಿನ ಸಿಮೋನನ ಹೆಗಲು ಬೇಕಾಯಿತು.

ವೈದ್ಯರು ಹಾರ್ಮೋನ್ ಮಾತ್ರೆ ಬರೆದುಕೊಟ್ಟಾಗ, ಇದು ಗರ್ಭನಿರೋಧಕ, ಪಾಪ ಎಂದು ಅಂಜುವವರಿದ್ದಾರೆ. ಅಂಜಬೇಕಿಲ್ಲ. ಜಗದ್ಗುರು ಆರನೇ ಪೌಲರು 1968ರ ‘ಹ್ಯುಮಾನೇ ವೀಟೆ’ ವಿಶ್ವಪತ್ರದಲ್ಲಿ ಇದನ್ನು ಸ್ಪಷ್ಟಪಡಿಸಿದ್ದಾರೆ. ಗರ್ಭಧಾರಣೆಯನ್ನು ತಡೆಯುವುದೇ ಉದ್ದೇಶವಾಗಿರದೆ, ಕಾಯಿಲೆಗೆ ಅಗತ್ಯವಾದ ಚಿಕಿತ್ಸೆಯಾಗಿದ್ದರೆ ಅದು ತಪ್ಪಲ್ಲ.

ಈಗ ಶುಭಸಂದೇಶಕ್ಕೆ ಮರಳೋಣ. ಯಾಯಿರನ ಮಗಳು ಸಾವಿನ ಅಂಚಿನಲ್ಲಿದ್ದಳು. ಪ್ರಭು ಅವಳ ಮನೆಗೆ ಹೊರಟಿದ್ದರು. ಉಡುಪು ಮುಟ್ಟಿದವಳಿಗೆ ಆಗಲೇ ವಾಸಿಯಾಗಿತ್ತು. ಆದರೂ ಪ್ರಭು ನಿಂತರು. ಏಕೆ? ಅವಳ ಮಾತು ಕೇಳಲು. ಅವಳು ನಡೆದದ್ದೆಲ್ಲವನ್ನೂ ಹೇಳಿಕೊಂಡಳು. ಪ್ರಭು ಅವಳನ್ನು ಮಗಳೆಂದು ಕರೆದರು.

ಎಂಡೊಮೆಟ್ರಿಯೋಸಿಸ್ ಅನ್ನು ಸಂಪೂರ್ಣ ವಾಸಿಮಾಡುವ ಮದ್ದು ಇನ್ನೂ ಇಲ್ಲ. ನೋವು ತಗ್ಗಿಸುವ ಔಷಧಿ, ಶಸ್ತ್ರಚಿಕಿತ್ಸೆಗಳಿವೆ. ಆದರೆ ನಿಂತು ಕೇಳುವ ಮದ್ದು ನಮ್ಮೆಲ್ಲರ ಕೈಯಲ್ಲೂ ಇದೆ. ತಾಯಂದಿರೇ, ಮಗಳು ನೋವೆಂದರೆ ನಂಬಿ, ಸ್ತ್ರೀರೋಗ ತಜ್ಞರಲ್ಲಿಗೆ ಕರೆದೊಯ್ಯಿರಿ. ಗಂಡಂದಿರೇ, ಜೊತೆಯಲ್ಲಿ ಹೋಗಿರಿ. ಮನಸ್ಸು ಕುಗ್ಗಿದಾಗ ಮನೋವೈದ್ಯರನ್ನು ಕಾಣುವುದು ವಿಶ್ವಾಸದ ಕೊರತೆಯಲ್ಲ.

ಆರೋಗ್ಯ ಮಾತೆ ಮರಿಯಮ್ಮನವರು ನಮ್ಮ ಹೆಣ್ಣುಮಕ್ಕಳಿಗಾಗಿ ಪ್ರಾರ್ಥಿಸಲಿ. ಆಮೆನ್.