ಕೆಂಪು ಗುಂಡಿಯ ಧರ್ಮ

ಸೊಲ್ಲಾಪುರದ ಚಾದರ, ಟವೆಲು ನೇಯುವ ಕಾರಖಾನೆಗಳಲ್ಲಿಯೂ ಅಕ್ಕಲಕೋಟದ ಹೊಲಗಳ ಬಾವಿಯ ದಂಡೆಯಲ್ಲಿಯೂ ಒಂದೇ ಬಗೆಯ ಪೆಟ್ಟಿಗೆಯನ್ನು ಕಾಣಬಹುದು. ಅದು ಮೋಟಾರಿನ ಸ್ಟಾರ್ಟರು. ಹಸಿರು ಗುಂಡಿಯನ್ನೊತ್ತಿದರೆ ಮೋಟಾರು ತಿರುಗುತ್ತದೆ, ಕೆಂಪನ್ನೊತ್ತಿದರೆ ನಿಲ್ಲುತ್ತದೆ. ಏನೋ ಸಿಕ್ಕಿಕೊಂಡಾಗ, ಸುಟ್ಟ ವಾಸನೆ ಬಂದಾಗ ಕೈ ಓಡುವುದು ಕೆಂಪಿನ ಕಡೆಗೇ. ಅಲ್ಲಿ ಕೆಂಪು ಅಭಯದ ಬಣ್ಣ. ತಪ್ಪಿ ಒತ್ತಿದರೂ ಕೆಡುವುದೇನಿಲ್ಲ, ಮತ್ತೆ ಹಸಿರನ್ನೊತ್ತಿದರಾಯಿತು.

ಈ ಕೈಗೆ ಈಗ ಮೊಬೈಲು ಬಂದಿದೆ. ಕರೆಯನ್ನು ಮುಗಿಸುವ ಅಲ್ಲಿನ ಕೆಂಪು, ಸ್ಟಾರ್ಟರಿನ ಕೆಂಪಿಗೆ ತಮ್ಮನೇ ಸರಿ. ಆದರೆ ಚಿತ್ರವನ್ನೋ ಪತ್ರವನ್ನೋ ಅಳಿಸುವಲ್ಲಿಯೂ ಅದೇ ಕೆಂಪನ್ನಿಟ್ಟಿದ್ದಾರೆ. ಒಂದು ಕೆಂಪು ಕೇಡನ್ನು ತಡೆಯುತ್ತದೆ. ಇನ್ನೊಂದು ತಾನೇ ಕೇಡನ್ನು ಮಾಡುತ್ತದೆ. ಅಕ್ಕಲಕೋಟದ ಒಬ್ಬ ಮುದುಕಿಯನ್ನು ನೆನೆಯಿರಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಫೋನಿನಲ್ಲಿ ಇಂಗ್ಲಿಷು. ಇವುಗಳ ನಡುವೆ ಆಕೆ ಓದಬಲ್ಲುದು ಬಣ್ಣವೊಂದನ್ನೇ ಇರಬಹುದು. ಬಾವಿಯ ಮೋಟಾರನ್ನು ನಿಲ್ಲಿಸಿ ಬಲ್ಲ ಆಕೆ, ಗಾಬರಿಯಲ್ಲಿ "ಬೇಡ, ನಿಲ್ಲಲಿ" ಎಂದು ಕೆಂಪನ್ನೊತ್ತಿದರೆ ಹೋಗುವುದು ತೀರಿಹೋದ ಗಂಡನ ಚಿತ್ರ. ತಪ್ಪು ಆಕೆಯದೆನ್ನುವುದು ನ್ಯಾಯವೆ?

ಬೇರೆ ಬಣ್ಣ ಬಳಿದರಾಗದೆ ಎನ್ನಬಹುದು. ಸಾಲದು. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳುಂಟು. ಗಂಡಸರಲ್ಲಿ ಅವು ಹೆಚ್ಚು. ಮೇಲಾಗಿ ನಮ್ಮ ಕುಂಕುಮವೂ ಕೆಂಪೇ! ಬಣ್ಣವು ಎಚ್ಚರಿಸೀತೇ ಹೊರತು ವಿವರಿಸಲಾರದು. ಗುಂಡಿಯ ಮೇಲೆ "ಸರಿ" ಎನ್ನುವುದಕ್ಕಿಂತ "ಚಿತ್ರವನ್ನು ಅಳಿಸು" ಎಂದು ಬಳಸುವವರ ನುಡಿಯಲ್ಲಿ ಬರೆಯುವುದು ಮೇಲು. ಅದಕ್ಕಿಂತಲೂ ಮೇಲಾದುದು ಮರಳುವ ದಾರಿ. ಕೆಲವು ಫೋನುಗಳು ಅಳಿಸಿದ ಚಿತ್ರವನ್ನು 30 ದಿನ ಬೇರೆಡೆ ಕಾದಿಟ್ಟಿರುತ್ತವೆ. ತಪ್ಪಿಗೆ ಎಡೆಗೊಡುವ ಸ್ಟಾರ್ಟರಿನ ಗುಣ ಅಷ್ಟರಮಟ್ಟಿಗೆ ಇಲ್ಲಿಯೂ ಬಂದಂತಾಯಿತು.

ನನಗೆ ಹೆಚ್ಚು ಕಳವಳವಾಗುವುದು ಕೆಂಪು ಇಲ್ಲದೆಡೆಯಲ್ಲಿ. ಹಣ ಕಳುಹಿಸುವ ಗುಂಡಿ ಸಾಮಾನ್ಯವಾಗಿ ಪ್ರಸನ್ನವಾದ ಬಣ್ಣದಲ್ಲಿರುತ್ತದೆ. ಪರರ ಖಾತೆಗೆ ತಪ್ಪಿಹೋದ ಹಣವನ್ನು ತರುವುದೇನು ಸುಲಭವೆ? ಚಂದಾ ನಿಲ್ಲಿಸುವ ಗುಂಡಿಯನ್ನಂತೂ ಬೂದುಬಣ್ಣದಲ್ಲಿ ಮೂಲೆಗೊತ್ತಿ, ಮುಂದುವರಿಸುವುದನ್ನು ಹೊಳೆಯಿಸುವವರಿದ್ದಾರೆ. ಅಳಿಸುವಲ್ಲಿ ಬಣ್ಣ ಬಳಿದವನು ಬಳಸುವವನ ನಷ್ಟವನ್ನು ಎಣಿಸಿದ್ದ. ಇಲ್ಲಿ ಎಣಿಸಿದ್ದು ತನ್ನದನ್ನು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಇಂಥ 13 ಬಗೆಯ ಮರೆಮೋಸಗಳನ್ನು ಹೆಸರಿಸಿ ನಿಷೇಧಿಸಿತು. ತಮಗೆ ಬೇಕಾದುದನ್ನು ಹೊಳೆಯಿಸಿ ಬಳಸುವವನಿಗೆ ಬೇಕಾದುದನ್ನು ಮಸುಕಾಗಿಸುವುದೂ ಅವುಗಳಲ್ಲೊಂದು.